ಮನೆಯ ಕ್ಯಾಮೆರಾ ಇನ್ನೂ ಯಾರ ಫೋನಿನಲ್ಲಿದೆ? ಸ್ಮಾರ್ಟ್ ಸಾಧನಗಳ ಕೀಲಿ ನಿಮ್ಮ ಕೈಗೆ ತಂದುಕೊಳ್ಳುವ ಬಗೆ

ಹೊಸ ಬೀಗ ಹಾಕಿಸಿದರೆ ಬಡಗಿಯ ಹತ್ತಿರ ಕೀಲಿಯೇನಾದರೂ ಉಳಿದಿದೆಯೇ ಎಂದು ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾಲ್ಕು ಕ್ಯಾಮೆರಾ, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯಾದ ಒಂದು ಡಿವಿಆರ್ ಹಾಕಿಸಿದಾಗ ಆ ಪ್ರಶ್ನೆ ಕೇಳುವವರು ಕಡಿಮೆ. ಅಂಗಡಿಯಿಂದ ಬಂದ ಹುಡುಗ ಕೇಬಲ್ ಎಳೆದು, ಡಿವಿಆರ್‌ಗೆ ಮಾನಿಟರ್ ಜೋಡಿಸಿ, ಪಾಸ್‌ವರ್ಡ್ ಕೇಳಿದ ಜಾಗದಲ್ಲಿ ಬಾಯಿಪಾಠವಾಗಿರುವ 'ಅಡ್ಮಿನ್123' ಒತ್ತುತ್ತಾನೆ. ಮೊದಲು ತನ್ನ ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಚಿತ್ರ ಬರುತ್ತಿದೆಯೇ ನೋಡುತ್ತಾನೆ, ಆಮೇಲೆ ನಿಮ್ಮ ಫೋನಿಗೂ ಹಾಕಿಕೊಟ್ಟು, ಹಣ ಎಣಿಸಿಕೊಂಡು ಹೊರಡುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಇರಬೇಕೆಂದೇನೂ ಇಲ್ಲ. ಆದರೂ ಅಂದಿನಿಂದ ನಿಮ್ಮ ಹಾಲ್ ಅವನ ಫೋನಿನಲ್ಲೂ ಇರುತ್ತದೆ. ಅವನು ಕ್ಯಾಮೆರಾ ಹಾಕಿಕೊಟ್ಟ ಉಳಿದ ಮನೆಗಳಿಗೂ ಅದೇ ಪಾಸ್‌ವರ್ಡ್ ಇರುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಮಹಿಳೆಯರನ್ನು ಪರೀಕ್ಷಿಸುವ ಕೊಠಡಿಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ನಲ್ಲಿ ತುಣುಕುಗಳಾಗಿ ಕಾಣಿಸಿಕೊಂಡು, ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಾಟವಾದದ್ದು ಬೆಳಕಿಗೆ ಬಂತು. ಅಲ್ಲಿ ಬದಲಾಯಿಸದೆ ಬಿಟ್ಟಿದ್ದ ಪಾಸ್‌ವರ್ಡೂ 'ಅಡ್ಮಿನ್123' ಎಂದು ಪತ್ರಿಕೆಗಳು ವರದಿ ಮಾಡಿದವು. ಅದಕ್ಕೂ ಮುಂಚೆ, 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಲ್ಲಿ ಹಾಕಿದ್ದ ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಹೊಕ್ಕಿತು. ಬೀಗ ಒಡೆಯುವ ಜಾಣತನವೇ ಬೇಕಾಗಲಿಲ್ಲ, ಬಾಗಿಲು ತೆರೆದೇ ಇತ್ತು.

ಆದ್ದರಿಂದ ಇಲ್ಲಿ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಗೆ ಉತ್ತರ: ಈ ಸಾಧನದ ಕೀಲಿ ಈಗ ಯಾರ್ಯಾರ ಹತ್ತಿರ ಇದೆ? ಒಂದು ಭಾನುವಾರದ ಬೆಳಗ್ಗೆ ಎರಡು ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ನೋಟ್‌ಬುಕ್, ಪೆನ್ನು, ಡಿವಿಆರ್‌ನ ಮೌಸ್ ಹತ್ತಿರ ಇರಲಿ.

ಮೊದಲು ಮನೆಯಲ್ಲಿ ಏನೇನಿದೆ ಎಂದು ತಿಳಿದುಕೊಳ್ಳಿ

ರೂಟರನ್ನು ತಿರುಗಿಸಿ ಅಡಿಯ ಚೀಟಿ ನೋಡಿ. ಅದರಲ್ಲಿ ಒಂದು ವಿಳಾಸ ಇರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರ್ ಆದರೆ 192.168.29.1. ಮನೆಯ ವೈಫೈಗೆ ಸೇರಿಕೊಂಡು ಫೋನಿನ ಬ್ರೌಸರಿನಲ್ಲಿ ಆ ವಿಳಾಸ ಬರೆದರೆ ರೂಟರಿನ ಲಾಗಿನ್ ಪುಟ ತೆರೆಯುತ್ತದೆ. ಇಲ್ಲಿ ಬೇಕಾಗುವ ಪಾಸ್‌ವರ್ಡ್ ವೈಫೈ ಪಾಸ್‌ವರ್ಡಿಗಿಂತ ಬೇರೆ. ಬಹಳ ಮನೆಗಳಲ್ಲಿ ವೈಫೈಗೆ ಗಟ್ಟಿ ಪಾಸ್‌ವರ್ಡ್ ಹಾಕಿ, ಈ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿದ್ದ ಹಾಗೇ ಬಿಟ್ಟಿರುತ್ತಾರೆ. ಒಳಗೆ ಹೋದ ತಕ್ಷಣ ಅದನ್ನು ಬದಲಾಯಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಒಳಗೆ 'ಕನೆಕ್ಟೆಡ್ ಡಿವೈಸಸ್' ಅಥವಾ 'ಕ್ಲಯಂಟ್ ಲಿಸ್ಟ್' ಎಂಬ ಪಟ್ಟಿ ಇರುತ್ತದೆ. ಫೋನು, ಲ್ಯಾಪ್‌ಟಾಪ್‌ಗಳ ಹೆಸರು ಗೊತ್ತಾಗುತ್ತವೆ. ಉಳಿದವು ಒಗಟಿನಂತಿರುತ್ತವೆ. 'ಇಎಸ್‌ಪಿ_' ಎಂದು ಶುರುವಾಗಿ ಮುಂದೆ ಆರು ಅಕ್ಷರ–ಅಂಕಿ ಇದ್ದರೆ ಅದು ಬಹುಪಾಲು ಸ್ಮಾರ್ಟ್ ಬಲ್ಬ್, ಪ್ಲಗ್ ಅಥವಾ ಸ್ವಿಚ್. ಅಗ್ಗದ ಸಾಧನಗಳಲ್ಲಿ ಹೆಚ್ಚಾಗಿ ಬಳಸುವ ಚಿಪ್ಪಿನ ಹೆಸರು ಅದು. ಹೆಸರೇ ಇಲ್ಲದ್ದನ್ನು ಪತ್ತೆ ಮಾಡಲು ಸುಲಭ ದಾರಿ ಇದೆ. ನಮ್ಮ ಪ್ಲಗ್ ಪಾಯಿಂಟುಗಳಿಗೆಲ್ಲ ಸ್ವಿಚ್ ಇರುತ್ತದಲ್ಲ, ಒಂದೊಂದೇ ಸಾಧನದ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಪಟ್ಟಿಯನ್ನು ಮತ್ತೆ ತೆರೆಯಿರಿ. ಯಾವ ಹೆಸರು ಮಾಯವಾಯಿತೋ ಅದೇ ಅದು. ಕೆಲವು ರೂಟರುಗಳು ಹೋದ ಸಾಧನವನ್ನೂ ಸ್ವಲ್ಪ ಹೊತ್ತು ತೋರಿಸುತ್ತಲೇ ಇರುತ್ತವೆ, ಹಾಗಾಗಿ ಅವಸರ ಮಾಡಬೇಡಿ. ಎಲ್ಲ ಆರಿಸಿದ ಮೇಲೂ ಯಾವುದೋ ಒಂದು ಉಳಿದಿದ್ದರೆ ಪಕ್ಕದ ಮನೆಯವರಿಗೆ ಎಂದೋ ಕೊಟ್ಟ ಪಾಸ್‌ವರ್ಡ್ ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ವೈಫೈ ಪಾಸ್‌ವರ್ಡ್ ಬದಲಾಯಿಸುವುದೇ ಸರಿ.

ಡಿವಿಆರ್: ಹೆಚ್ಚು ಸಮಯ ಇಲ್ಲೇ ಕೊಡಿ

ಡಿವಿಆರ್‌ಗೆ ಮಾನಿಟರ್ ಅಥವಾ ಟಿ.ವಿ. ಜೋಡಿಸಿ, ಮೌಸಿನ ಬಲ ಗುಂಡಿ ಒತ್ತಿದರೆ ಮೆನು ಬರುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆಯಾದರೂ 'ಸಿಸ್ಟಂ' ಅಡಿಯಲ್ಲಿ 'ಅಕೌಂಟ್' ಅಥವಾ 'ಯೂಸರ್' ಇದ್ದೇ ಇರುತ್ತದೆ. ಅಲ್ಲಿರುವ ಹೆಸರುಗಳನ್ನೆಲ್ಲ ಓದಿ. 'ಅಡ್ಮಿನ್' ಒಂದು ಇರಬೇಕು. 'ಡಿಫಾಲ್ಟ್', 'ಗೆಸ್ಟ್', 'ಯೂಸರ್1' ಅಥವಾ ಹಾಕಿದವನ ಹೆಸರು ಕಂಡರೆ ಅಳಿಸಿ. ಅಳಿಸಲು ಬಿಡದಿದ್ದರೆ ಆ ಖಾತೆಯನ್ನು ಡಿಸೇಬಲ್ ಮಾಡಿ ಅಥವಾ ಅದರ ಪಾಸ್‌ವರ್ಡ್ ಬದಲಾಯಿಸಿ.

ಆಮೇಲೆ ಅಡ್ಮಿನ್ ಪಾಸ್‌ವರ್ಡ್. ಹನ್ನೆರಡು ಅಕ್ಷರಕ್ಕಿಂತ ಕಡಿಮೆ ಬೇಡ. ಹಳೆಯ ಡಿವಿಆರ್‌ಗಳಲ್ಲಿ ಎಂಟಕ್ಕಿಂತ ಹೆಚ್ಚು ಹಿಡಿಸದಿದ್ದರೆ ಎಂಟನ್ನೂ ಪೂರ್ತಿ ಬಳಸಿ. ಮನೆ ನಂಬರ್, ಮೊಬೈಲ್ ನಂಬರ್, ಮಕ್ಕಳ ಹೆಸರು ಬೇಡ. ಇದನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡುವುದರಲ್ಲಿ ತಪ್ಪೇನೂ ಇಲ್ಲ. ಈ ಪಾಸ್‌ವರ್ಡ್ ಮರೆತರೆ ಹಲವು ಡಿವಿಆರ್‌ಗಳನ್ನು ಮನೆಯಲ್ಲೇ ರೀಸೆಟ್ ಮಾಡಲು ಆಗುವುದಿಲ್ಲ. ಸೀರಿಯಲ್ ನಂಬರ್ ಕೊಟ್ಟು ಕಂಪನಿಯ ಸಹಾಯವಾಣಿ ಹಿಡಿಯಬೇಕಾಗುತ್ತದೆ, ಇಲ್ಲವೇ ಅದೇ ಅಂಗಡಿಯ ಹುಡುಗನನ್ನು ಮತ್ತೆ ಕರೆಯಬೇಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಮುಖ್ಯವಾದದ್ದೊಂದನ್ನು ಬಿಟ್ಟಿರುತ್ತಾರೆ. 'ನೆಟ್‌ವರ್ಕ್' ಅಡಿಯಲ್ಲಿ 'ಪಿ2ಪಿ', 'ಕ್ಲೌಡ್' ಅಥವಾ 'ಪ್ಲಾಟ್‌ಫಾರ್ಮ್ ಆಕ್ಸೆಸ್' ಎಂಬ ಪುಟ ತೆರೆಯಿರಿ. ಒಂದು ಕ್ಯೂಆರ್ ಕೋಡ್ ಮತ್ತು ಸೀರಿಯಲ್ ನಂಬರ್ ಕಾಣುತ್ತವೆ. ಫೋನಿನಲ್ಲಿ ಕ್ಯಾಮೆರಾ ಕಾಣುವುದು ಈ ದಾರಿಯಿಂದ. ಇದರಲ್ಲಿ ಎರಡು ಬಗೆ ಇದೆ, ನಿಮ್ಮದು ಯಾವುದು ಎಂದು ತಿಳಿಯಲೇಬೇಕು.

ಮೊದಲ ಬಗೆಯಲ್ಲಿ ಸೀರಿಯಲ್ ನಂಬರ್ ಮತ್ತು ಡಿವಿಆರ್ ಪಾಸ್‌ವರ್ಡ್ ಎರಡೂ ಗೊತ್ತಿರುವ ಯಾರು ಬೇಕಾದರೂ ಎಷ್ಟು ಫೋನಿಗೆ ಬೇಕಾದರೂ ಸೇರಿಸಿಕೊಳ್ಳಬಹುದು. ಯಾರು ಸೇರಿಸಿಕೊಂಡಿದ್ದಾರೆ ಎಂಬ ಪಟ್ಟಿ ನಿಮಗೆ ಸಿಗುವುದಿಲ್ಲ. ಆದರೆ ಪಾಸ್‌ವರ್ಡ್ ಬದಲಾಯಿಸಿ ಡಿವಿಆರನ್ನು ಒಮ್ಮೆ ಆರಿಸಿ ಹಚ್ಚಿದರೆ ಎಲ್ಲ ಫೋನುಗಳೂ ಒಟ್ಟಿಗೆ ಹೊರಬೀಳುತ್ತವೆ. ಎರಡನೆಯ ಬಗೆಯಲ್ಲಿ ಡಿವಿಆರ್ ಒಂದೇ ಒಂದು ಖಾತೆಗೆ ಅಂಟಿಕೊಂಡಿರುತ್ತದೆ, ಆ ಖಾತೆಯವರು ಉಳಿದವರಿಗೆ 'ಶೇರ್' ಮಾಡುತ್ತಾರೆ. ನಿಮ್ಮ ಆ್ಯಪಿನಲ್ಲಿ ಕ್ಯಾಮೆರಾದ ಹೆಸರಿನ ಹತ್ತಿರ 'ಶೇರ್ಡ್ ಬೈ' ಎಂದು ಬೇರೆಯವರ ಹೆಸರು ಅಥವಾ ನಂಬರ್ ಇದ್ದರೆ ಮಾಲೀಕರು ನೀವಲ್ಲ, ಅವರು. ಆಗ ಪಾಸ್‌ವರ್ಡ್ ಬದಲಾಯಿಸಿದ್ದೊಂದೇ ಸಾಲದು. ಅವರಿಗೆ ಫೋನ್ ಮಾಡಿ ತಮ್ಮ ಖಾತೆಯಿಂದ ಡಿವಿಆರನ್ನು ಅಳಿಸಲು ಹೇಳಿ, ಅಥವಾ ಡಿವಿಆರ್ ಮೆನುವಿನಲ್ಲೇ 'ಅನ್‌ಬೈಂಡ್' ಇದ್ದರೆ ಅದನ್ನು ಒತ್ತಿ. ಬಳಿಕ ನಿಮ್ಮ ಖಾತೆಗೆ ಹೊಸದಾಗಿ ಸೇರಿಸಿಕೊಳ್ಳಿ. ಅಲ್ಲೇ 'ವೆರಿಫಿಕೇಶನ್ ಕೋಡ್' ಇದ್ದರೆ ಅದನ್ನೂ ಹೊಸದು ಮಾಡಿ.

ಕೆಲಸ ಆಯಿತೇ ಎಂದು ನೋಡುವಾಗ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ವೈಫೈನಲ್ಲಿದ್ದಾಗ ಆ್ಯಪ್ ಮನೆಯೊಳಗಿನ ದಾರಿಯಲ್ಲೇ ಡಿವಿಆರನ್ನು ತಲುಪಬಹುದು, ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದು ತಿಳಿಯುವುದಿಲ್ಲ.

ಇನ್ನೊಂದು ಬಾಗಿಲು ರೂಟರಿನಲ್ಲಿದೆ. ಪಿ2ಪಿ ಬರುವ ಮುಂಚೆ ಹೊರಗಿನಿಂದ ನೋಡಲು 'ಪೋರ್ಟ್ ಫಾರ್ವರ್ಡಿಂಗ್' ಮಾಡುತ್ತಿದ್ದರು, ಅಂದರೆ ಇಂಟರ್ನೆಟ್ಟಿನಿಂದ ನೇರ ಡಿವಿಆರ್‌ಗೆ ಬರಲು ರೂಟರಿನಲ್ಲಿ ಒಂದು ದಾರಿ (ಪೋರ್ಟ್) ತೆರೆದಿಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ. ರೂಟರಿನಲ್ಲಿ ಆ ಪುಟಕ್ಕೆ ಹೋಗಿ 80, 554, 8000, 34567, 37777 ಈ ಅಂಕಿಗಳ ಸಾಲು ಇದ್ದರೆ ಅಳಿಸಿ. ಇವು ಡಿವಿಆರ್ ಮತ್ತು ಕ್ಯಾಮೆರಾಗಳು ಸಾಮಾನ್ಯವಾಗಿ ಬಳಸುವ ಪೋರ್ಟುಗಳು. ಇಡೀ ಇಂಟರ್ನೆಟ್ಟನ್ನು ಹಗಲೂ ರಾತ್ರಿ ಜಾಲಾಡಿ ಹೀಗೆ ತೆರೆದಿರುವ ಪೋರ್ಟುಗಳ ಪಟ್ಟಿ ಮಾಡುವ ಶೋಡಾನ್‌ನಂಥ ಹುಡುಕು ತಾಣಗಳೇ ಇವೆ. ಜೊತೆಗೆ 'ಯುಪಿಎನ್‌ಪಿ' ಆಫ್ ಮಾಡಿ. ಅದು ಆನ್ ಇದ್ದರೆ ಸಾಧನಗಳು ನಿಮ್ಮನ್ನು ಕೇಳದೆ ತಾವೇ ಪೋರ್ಟ್ ತೆರೆಸಿಕೊಳ್ಳುತ್ತವೆ, ನೀವು ಅಳಿಸಿದ ಸಾಲು ನಾಳೆ ಮತ್ತೆ ಪ್ರತ್ಯಕ್ಷವಾಗುತ್ತದೆ. ಆಫ್ ಮಾಡಿದ ಮೇಲೆ ಕೆಲವು ಆನ್‌ಲೈನ್ ಆಟಗಳಲ್ಲಿ ತೊಂದರೆ ಕಾಣಿಸಬಹುದು, ಪಿ2ಪಿ ಕ್ಯಾಮೆರಾಗಳಿಗೆ ಏನೂ ಆಗುವುದಿಲ್ಲ. ಹೊರಗಿನಿಂದ ಒಳನುಗ್ಗುವುದನ್ನು ತಡೆಯುವ 'ಐಪಿವಿ6 ಫೈರ್‌ವಾಲ್' ಎಂಬುದು ಇದ್ದರೆ ಆನ್ ಇರಲಿ.

ಹೊರಗಿನಿಂದ ನೋಡುವ ಅಗತ್ಯವೇ ನಿಮಗಿಲ್ಲದಿದ್ದರೆ ಇಷ್ಟೆಲ್ಲ ಬೇಡ. ಡಿವಿಆರ್‌ನಿಂದ ರೂಟರಿಗೆ ಹೋಗುವ ಲ್ಯಾನ್ ಕೇಬಲ್ ಕಿತ್ತುಬಿಡಿ. ಹಾರ್ಡ್ ಡಿಸ್ಕಿಗೆ ರೆಕಾರ್ಡ್ ಆಗುವುದು ನಿಲ್ಲುವುದಿಲ್ಲ. ಊರಿಗೆ ಹೋಗುವ ದಿನ ಮಾತ್ರ ಕೇಬಲ್ ಚುಚ್ಚಿ ಹೋದರಾಯಿತು. ನಮ್ಮ ದೃಷ್ಟಿಯಲ್ಲಿ ಬಹುತೇಕ ಮನೆಗಳಿಗೆ ಇದೇ ಅತ್ಯುತ್ತಮ ವ್ಯವಸ್ಥೆ.

ಮನೆಯೊಳಗಿನ ವೈಫೈ ಕ್ಯಾಮೆರಾ

ಎರಡು ಮೂರು ಸಾವಿರ ರೂಪಾಯಿಗೆ ಸಿಗುವ, ತಲೆ ತಿರುಗಿಸುವ ಪುಟ್ಟ ಕ್ಯಾಮೆರಾಗಳು ಈಗ ಮೈಸೂರು, ಧಾರವಾಡ, ಉಡುಪಿಯ ಎಷ್ಟೋ ಮನೆಗಳ ಹಾಲಿನಲ್ಲಿ ಕೂತಿವೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಅಪ್ಪ ಅಮ್ಮ ಕ್ಷೇಮವಾಗಿದ್ದಾರೆಯೇ ಎಂದು ನೋಡಿಕೊಳ್ಳಲು ಹಾಕಿಸಿದವು. ಕಾಳಜಿ ನಿಜವಾದದ್ದೇ. ಆದರೆ ಆ ಹಾಲಿನಲ್ಲಿ ಅಮ್ಮ ಪಂಚೆ ಒಣಗಿಸುತ್ತಾರೆ, ಅಪ್ಪ ಬನಿಯನ್ನಿನಲ್ಲಿ ಕೂತು ಬ್ಯಾಂಕಿನವರೊಡನೆ ಜೋರಾಗಿ ಮಾತಾಡುತ್ತಾರೆ, ನೆಂಟರು ಬಂದು ಮನೆಯ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಆದ್ದರಿಂದ ಹಾಕುವ ಮುಂಚೆ ಅವರನ್ನು ಕೇಳಿ, ಯಾರ್ಯಾರು ನೋಡಬಲ್ಲರು ಎಂದು ಹೇಳಿ, ಆರಿಸುವುದು ಹೇಗೆ ಎಂದು ತೋರಿಸಿಕೊಡಿ. ಆರಿಸುವ ಅಧಿಕಾರ ಆ ಮನೆಯಲ್ಲಿ ಇರುವವರಿಗೇ ಇರಬೇಕು. ಅದಕ್ಕೆ ಪ್ಲಗ್ ಪಾಯಿಂಟಿನ ಸ್ವಿಚ್ಚಿಗಿಂತ ಒಳ್ಳೆಯದು ಇಲ್ಲ, ಅವರ ಕೈಗೆ ಎಟುಕುವ ಪಾಯಿಂಟಿಗೇ ಕ್ಯಾಮೆರಾ ಹಾಕಿ. ಬೀಳುವ ಭಯವೇ ಕಾರಣವಾದರೆ ಕ್ಯಾಮೆರಾವನ್ನು ಬಾಗಿಲು ಮತ್ತು ಮೆಟ್ಟಿಲ ಕಡೆಗೆ ತಿರುಗಿಸಿದರೂ ಸಾಕಾಗುತ್ತದೆ. ಮಲಗುವ ಕೋಣೆಗೆ ಬೇಡವೇ ಬೇಡ. ಮನೆಗೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲಿದೆ ಎಂದು ತೋರಿಸಿ. ಅವರು ಬಟ್ಟೆ ಬದಲಾಯಿಸುವ, ಊಟ ಮಾಡುವ ಜಾಗ ಅದರ ಕಣ್ಣಿಗೆ ಬೀಳಬಾರದು.

ಆ್ಯಪಿನಲ್ಲಿ ಮಾಡಬೇಕಾದವು: 'ಮೈಕ್' ಅಥವಾ 'ಆಡಿಯೋ ರೆಕಾರ್ಡಿಂಗ್' ಆಫ್ ಮಾಡಿ, ಕಳ್ಳರ ಭಯಕ್ಕೆ ಹಾಕಿದ ಕ್ಯಾಮೆರಾಗೆ ಮನೆಯ ಮಾತು ಬೇಕಿಲ್ಲ. 'ಪ್ರೈವೆಸಿ ಮಾಸ್ಕ್' ಅಥವಾ 'ಪ್ರೈವೆಸಿ ಜೋನ್' ಇದ್ದರೆ ಕೋಣೆಯ ಬಾಗಿಲು, ಪಕ್ಕದ ಮನೆಯ ಕಿಟಕಿ ಇರುವ ಭಾಗದ ಮೇಲೆ ಚೌಕ ಎಳೆಯಿರಿ, ಆ ಜಾಗ ಕಪ್ಪಾಗಿ ಉಳಿಯುತ್ತದೆ. ತಲೆ ತಿರುಗುವ ಕ್ಯಾಮೆರಾದಲ್ಲಿ ಒಂದು ಎಚ್ಚರಿಕೆ: ಕೆಲವು ಮಾದರಿಗಳಲ್ಲಿ ಮಾಸ್ಕ್ ಚಿತ್ರದ ಮೂಲೆಗೆ ಅಂಟಿಕೊಂಡಿರುತ್ತದೆ, ಕೋಣೆಗಲ್ಲ. ಕ್ಯಾಮೆರಾ ಆ ಕಡೆ ಈ ಕಡೆ ತಿರುಗಿಸಿ, ಮುಚ್ಚಿದ ಬಾಗಿಲು ಮುಚ್ಚಿಯೇ ಇದೆಯೇ ಎಂದು ಕಣ್ಣಾರೆ ನೋಡಿ. 'ಪ್ರೈವೆಸಿ ಮೋಡ್' ಒತ್ತಿದಾಗ ಕೆಲವು ಕ್ಯಾಮೆರಾಗಳು ಕಣ್ಣನ್ನೇ ಗೂಡಿನೊಳಕ್ಕೆ ಹೊರಳಿಸಿಕೊಳ್ಳುತ್ತವೆ. ಅಂಥದ್ದು ಸಿಕ್ಕರೆ ಅದನ್ನೇ ಕೊಳ್ಳಿ, ಆರಿದೆಯೋ ಇಲ್ಲವೋ ಎಂದು ಅಜ್ಜಿಗೂ ದೂರದಿಂದಲೇ ಗೊತ್ತಾಗುತ್ತದೆ.

ರೆಕಾರ್ಡಿಂಗ್ ಎಲ್ಲಿ ಇಡಬೇಕು ಎಂಬುದು ತೂಗಿ ನೋಡಬೇಕಾದ ಸಂಗತಿ. ಮೆಮೊರಿ ಕಾರ್ಡಿನಲ್ಲಿಟ್ಟರೆ ಕಂಪನಿಯ ಸರ್ವರಿಗೆ ಹೋಗುವುದು ಕಡಿಮೆ, ಆದರೆ ಕ್ಯಾಮೆರಾ ಕದ್ದವನಿಗೆ ದೃಶ್ಯವೂ ಸಿಗುತ್ತದೆ, ಹಲವು ಮಾದರಿಗಳ ಕಾರ್ಡನ್ನು ಯಾವ ಲ್ಯಾಪ್‌ಟಾಪಿಗೆ ಹಾಕಿದರೂ ಓದಬಹುದು. ಕ್ಲೌಡಿನಲ್ಲಿಟ್ಟರೆ ಕಳ್ಳನಿಂದ ಪಾರು, ಆದರೆ ಕಂಪನಿಯ ಮೇಲೆ ನಂಬಿಕೆ ಇಡಬೇಕು. 2024ರ ಫೆಬ್ರುವರಿಯಲ್ಲಿ ಅಮೆರಿಕದ ವೈಜ್ ಕ್ಯಾಮೆರಾಗಳ ಸರ್ವರ್ ಕೆಟ್ಟು ಮತ್ತೆ ಎದ್ದಾಗ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಅಮೆಜಾನಿನ ರಿಂಗ್ ಕಂಪನಿಯ ಸಿಬ್ಬಂದಿ ಗ್ರಾಹಕರ ಖಾಸಗಿ ವಿಡಿಯೋಗಳನ್ನು ನೋಡಿದ್ದರೆಂಬ ಆರೋಪದ ಮೇಲೆ 2023ರಲ್ಲಿ ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣ 58 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಮನೆಯ ಒಳಗಿನ ಕ್ಯಾಮೆರಾಗೆ ಕಾರ್ಡು, ಗೇಟಿನದಕ್ಕೆ ಬೇಕಾದರೆ ಕ್ಲೌಡು ಎಂದು ಬೇರೆ ಮಾಡಿಕೊಳ್ಳುವುದು ನಮ್ಮ ಸಲಹೆ.

ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಹಾಕಿ, 'ಟು ಸ್ಟೆಪ್ ವೆರಿಫಿಕೇಶನ್' ಆನ್ ಮಾಡಿ. ಬೇರೊಂದು ತಾಣದಿಂದ ಸೋರಿಹೋದ ಇಮೇಲ್–ಪಾಸ್‌ವರ್ಡ್ ಜೋಡಿಯನ್ನು ಕ್ಯಾಮೆರಾ ಆ್ಯಪುಗಳಲ್ಲಿ ಹಾಕಿ ನೋಡುವುದು ಕಳ್ಳರ ಮಾಮೂಲಿ ಕೆಲಸ. ಮೊಬೈಲ್ ನಂಬರಿನಿಂದ ತೆರೆದ ಖಾತೆಯಾದರೆ ಇನ್ನೊಂದು ವಿಷಯ: ಬಂದ್ ಆದ ನಂಬರನ್ನು ಟೆಲಿಕಾಂ ಕಂಪನಿಗಳು 90 ದಿನಗಳಾದ ಮೇಲೆ ಬೇರೆಯವರಿಗೆ ಕೊಡಬಹುದು. ಹಳೆಯ ಸಿಮ್ ಬಿಟ್ಟು ಹೊಸದಕ್ಕೆ ಹೋಗುವಾಗ ಕ್ಯಾಮೆರಾ ಆ್ಯಪಿನಲ್ಲಿ ನಂಬರ್ ಬದಲಾಯಿಸದಿದ್ದರೆ, ಒಟಿಪಿ ಹೋಗುವುದು ಆ ಅಪರಿಚಿತರಿಗೆ.

ವೈಫೈ ಎರಡು ಮಾಡಿ

ಬಲ್ಬು, ಪ್ಲಗ್ಗು, ಕ್ಯಾಮೆರಾ, ರೋಬೊ ವ್ಯಾಕ್ಯೂಮ್ ಇವೆಲ್ಲ ಒಂದು ವೈಫೈ. ಬ್ಯಾಂಕ್ ವ್ಯವಹಾರ ಮಾಡುವ ಫೋನು, ಆಫೀಸಿನ ಲ್ಯಾಪ್‌ಟಾಪ್ ಇನ್ನೊಂದು. ರೂಟರಿನ 'ಗೆಸ್ಟ್ ನೆಟ್‌ವರ್ಕ್' ಆನ್ ಮಾಡಿ, 2.4 ಗಿಗಾಹರ್ಟ್ಸ್ ಆಯ್ಕೆ ಮಾಡಿ, ಬೇರೆ ಪಾಸ್‌ವರ್ಡ್ ಕೊಡಿ, 'ಐಸೊಲೇಶನ್' ಅಥವಾ 'ಲೋಕಲ್ ನೆಟ್‌ವರ್ಕ್ ನೋಡಲು ಬಿಡಬೇಡ' ಎಂಬರ್ಥದ ಆಯ್ಕೆಗೆ ಟಿಕ್ ಹಾಕಿ. ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ2/3 ಮಿಶ್ರ ಇರಲಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಬಲ್ಬುಗಳು ಸೇರುವುದೇ ಇಲ್ಲ. ಪಾಸ್‌ವರ್ಡ್ ಬರೆಯದೆ ಗುಂಡಿ ಅಥವಾ ಪಿನ್‌ನಿಂದಲೇ ವೈಫೈ ಸೇರಲು ಬಿಡುವ 'ಡಬ್ಲ್ಯುಪಿಎಸ್' ಆಫ್ ಮಾಡಿ. ವೈಫೈ ಹೆಸರಿನಲ್ಲಿ ಫ್ಲ್ಯಾಟ್ ನಂಬರ್ ಬೇಡ.

ಇಲ್ಲಿ ಎಡವುವ ಜಾಗಗಳು ಮೂರು. ಸಾಧನವನ್ನು ಮೊದಲ ಸಲ ಜೋಡಿಸುವಾಗ ಫೋನೂ ಅದೇ ಗೆಸ್ಟ್ ವೈಫೈನಲ್ಲಿರಬೇಕು, ಆಮೇಲೆ ಫೋನನ್ನು ಮುಖ್ಯ ವೈಫೈಗೆ ಮರಳಿಸಿ. ಐಸೊಲೇಶನ್ ಇದ್ದಾಗ ಜೋಡಣೆ ಅರ್ಧಕ್ಕೆ ನಿಂತರೆ ಅದನ್ನು ಹತ್ತು ನಿಮಿಷ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ. ಎರಡನೆಯದು, ಫೋನಿನಿಂದ ಟಿ.ವಿ.ಗೆ ಕಾಸ್ಟ್ ಮಾಡಬೇಕೆಂದರೆ ಎರಡೂ ಒಂದೇ ನೆಟ್‌ವರ್ಕಿನಲ್ಲಿರಬೇಕು. ಆದ್ದರಿಂದ ಟಿ.ವಿ. ಮತ್ತು ಪ್ರಿಂಟರ್ ಮುಖ್ಯ ವೈಫೈನಲ್ಲೇ ಇರಲಿ ಎಂದು ಒಪ್ಪಿಕೊಳ್ಳಬೇಕಾಗಬಹುದು. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಡಿವಿಆರ್ ಲ್ಯಾನ್ ಕೇಬಲ್ಲಿನಲ್ಲಿ ನೇರ ರೂಟರಿಗೆ ಹೋಗುವುದರಿಂದ ಗೆಸ್ಟ್ ವೈಫೈ ಅದನ್ನು ಬೇರೆ ಮಾಡುವುದಿಲ್ಲ, ಅದು ನಿಮ್ಮ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತಿರುತ್ತದೆ. ಹಳೆಯದೊಂದು ರೂಟರ್ ಮನೆಯಲ್ಲಿದ್ದರೆ ಅದನ್ನು ಮೊದಲನೆಯದರ ಹಿಂದೆ, 'ವ್ಯಾನ್' ಪೋರ್ಟಿಗೆ ಕೇಬಲ್ ಕೊಟ್ಟು ಜೋಡಿಸಿ, ನಿಮ್ಮ ಫೋನು–ಲ್ಯಾಪ್‌ಟಾಪುಗಳನ್ನು ಆ ಒಳಗಿನ ರೂಟರಿಗೆ ಸೇರಿಸಿ, ಡಿವಿಆರ್ ಹೊರಗಿನದರಲ್ಲೇ ಉಳಿಯಲಿ. ಹಲವರು ಇದನ್ನು ತಿರುಗುಮುರುಗು ಮಾಡಿ ಡಿವಿಆರನ್ನು ಒಳಗಿಡುತ್ತಾರೆ. ಒಳಗಿರುವುದು ಹೊರಗಿನದನ್ನು ನೋಡಬಲ್ಲದು, ಹೊರಗಿನದು ಒಳಗನ್ನು ನೋಡಲಾರದು. ಆದ್ದರಿಂದ ಕಾಪಾಡಬೇಕಾದದ್ದು ಒಳಗಿರಬೇಕು.

ಇಂಟರ್ನೆಟ್ ಕಂಪನಿಯವರು ಬಂದು ರೂಟರನ್ನು ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಅಥವಾ ಹೊಸದು ಕೊಟ್ಟರೆ ಇದೆಲ್ಲವೂ ಅಳಿಸಿಹೋಗುತ್ತದೆ. ಅವರು ಹೋದ ಮೇಲೆ ನೋಟ್‌ಬುಕ್ ತೆಗೆದು ಮತ್ತೆ ಮಾಡಿ.

ಟಿ.ವಿ. ನಿಮ್ಮನ್ನು ನೋಡುವ ಬಗೆ

ಟಿ.ವಿ.ಯ ಗೂಢಚರ್ಯೆ ಕ್ಯಾಮೆರಾದಿಂದಲ್ಲ, ಪರದೆಯಿಂದಲೇ. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಸೆಕೆಂಡಿಗೆ ಹಲವು ಬಾರಿ ಗುರುತು ತೆಗೆದು, ಸರ್ವರಿನಲ್ಲಿರುವ ಪಟ್ಟಿಯೊಡನೆ ತಾಳೆ ನೋಡಿ, ಈ ಮನೆಯವರು ಈ ಧಾರಾವಾಹಿ, ಈ ಜಾಹೀರಾತು ನೋಡಿದರು ಎಂದು ಬರೆದುಕೊಳ್ಳುವ ವ್ಯವಸ್ಥೆ ಇದೆ. ಅದರ ಹೆಸರು ಎಸಿಆರ್. ಸೆಟ್‌ಟಾಪ್ ಬಾಕ್ಸ್‌ನಿಂದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಬರುವ ಚಿತ್ರವನ್ನೂ ಅದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿ.ವಿ.ಗಳಲ್ಲಿ ಗ್ರಾಹಕರ ಒಪ್ಪಿಗೆಯಿಲ್ಲದೆ ಇದನ್ನು ಮಾಡಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು.

ನಮ್ಮಲ್ಲಿ ಒಪ್ಪಿಗೆ ಕೊಡುವವರು ಯಾರು ಎಂದರೆ, ಡೆಮೊ ಕೊಡಲು ಬಂದವರು. ಹೊಸ ಟಿ.ವಿ. ಗೋಡೆಗೆ ಏರಿದ ಮೇಲೆ ಬರುವ ನಾಲ್ಕೈದು ಒಪ್ಪಂದದ ಪುಟಗಳಿಗೆ ಅವರು 'ಅಗ್ರೀ ಟು ಆಲ್' ಒತ್ತಿಬಿಡುತ್ತಾರೆ. ರಿಮೋಟ್ ನಿಮ್ಮ ಕೈಗೆ ತೆಗೆದುಕೊಳ್ಳಿ. ಕಡ್ಡಾಯದ್ದೆಂದು ಬರೆದಿರುವುದಕ್ಕೆ ಮಾತ್ರ ಒಪ್ಪಿದರೂ ಟಿ.ವಿ. ಚೆನ್ನಾಗಿಯೇ ನಡೆಯುತ್ತದೆ. ಈಗಾಗಲೇ ಒಪ್ಪಿಯಾಗಿದ್ದರೆ ಸ್ಯಾಮ್‌ಸಂಗ್‌ನಲ್ಲಿ 'ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್', ಸೋನಿಯ ಕೆಲವು ಮಾದರಿಗಳಲ್ಲಿ 'ಸಾಂಬಾ ಇಂಟರ್‌ಆ್ಯಕ್ಟಿವ್ ಟಿವಿ' ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆಫ್ ಮಾಡಿ. ಗೂಗಲ್ ಟಿವಿ ಇರುವ ಹಲವು ಟಿ.ವಿ.ಗಳಲ್ಲಿ 'ಪ್ರೈವೆಸಿ', 'ಆ್ಯಡ್ಸ್' ಒಳಗೆ ಹೋಗಿ ಜಾಹೀರಾತು ಐಡಿಯನ್ನು ಅಳಿಸಬಹುದು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಹೊಸ ಒಪ್ಪಂದದ ಪುಟ ಬಂದರೆ ಮತ್ತೆ ಇದೇ ಜಾಗ್ರತೆ ಬೇಕು.

ಮಾತು ಕೇಳುವ ಸ್ಪೀಕರ್

'ಅಲೆಕ್ಸಾ', 'ಹೇ ಗೂಗಲ್' ಎಂಬಂಥ ಕರೆಯುವ ಪದ ಸ್ಪೀಕರಿಗೆ ಕೇಳಿಸಿದ ಮೇಲಿನ ಮಾತು ಮಾತ್ರ ಸರ್ವರಿಗೆ ಹೋಗಬೇಕು. ಆದರೆ ಟಿ.ವಿ.ಯಲ್ಲಿ, ಮನೆಮಾತಿನಲ್ಲಿ ಅದನ್ನೇ ಹೋಲುವ ಸದ್ದು ಬಂದರೂ ಅದು ಎಚ್ಚರಗೊಳ್ಳುತ್ತದೆ. ಎಷ್ಟು ಸಲ ಹಾಗಾಗಿದೆ ಎಂದು ತಿಳಿಯಲು ಅಲೆಕ್ಸಾ ಆ್ಯಪಿನಲ್ಲಿ 'ಮೋರ್', 'ಅಲೆಕ್ಸಾ ಪ್ರೈವೆಸಿ', 'ರಿವ್ಯೂ ವಾಯ್ಸ್ ಹಿಸ್ಟರಿ' ತೆರೆದು ನೀವು ಕರೆಯದೇ ಇದ್ದ ತುಣುಕುಗಳನ್ನು ಕೇಳಿ ನೋಡಿ. ಇದೊಂದನ್ನು ಮಾಡಿದವರು ಆಮೇಲೆ ಸ್ಪೀಕರಿನ ಮೇಲಿರುವ, ಮೈಕ್ ಆಫ್ ಮಾಡುವ ಗುಂಡಿಯನ್ನು ಮರೆಯುವುದಿಲ್ಲ. ಅಲ್ಲೇ 'ಮ್ಯಾನೇಜ್ ಯುವರ್ ಅಲೆಕ್ಸಾ ಡೇಟಾ' ಒಳಗೆ ಧ್ವನಿಮುದ್ರಣ ಉಳಿಸಿಕೊಳ್ಳಬೇಡ ಎಂಬ ಆಯ್ಕೆ ಮಾಡಬಹುದು. ಉಳಿಸಿಕೊಳ್ಳದಿದ್ದರೂ ಮಾತು ಸರ್ವರಿಗೆ ಹೋಗುವುದು ತಪ್ಪುವುದಿಲ್ಲ. ಅಲೆಕ್ಸಾ ಇರುವ ಕೆಲವು ಎಕೋ ಸ್ಪೀಕರುಗಳಲ್ಲಿದ್ದ, ಧ್ವನಿಯನ್ನು ಸಾಧನದೊಳಗೇ ಸಂಸ್ಕರಿಸುವ ಆಯ್ಕೆಯನ್ನೂ ಅಮೆಜಾನ್ 2025ರ ಮಾರ್ಚ್ 28ರಿಂದ ನಿಲ್ಲಿಸಿತು. ಗೂಗಲ್ ಸ್ಪೀಕರಿನವರು ಗೂಗಲ್ ಖಾತೆಯ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ'ಯಲ್ಲಿ 'ಆಟೋ ಡಿಲೀಟ್' 3 ತಿಂಗಳಿಗೆ ಇಡಿ, ಧ್ವನಿ ಉಳಿಸುವ ಉಪಆಯ್ಕೆಯ ಟಿಕ್ ತೆಗೆಯಿರಿ.

ಬೇರೆ ಕೋಣೆಯಿಂದ, ಬೇರೆ ಊರಿನಿಂದ ನೇರ ಸ್ಪೀಕರ್ ತೆರೆದು ಕೇಳಬಹುದಾದ 'ಡ್ರಾಪ್ ಇನ್' ಸೌಲಭ್ಯ ಬೇಡದಿದ್ದರೆ ಆಫ್ ಮಾಡಿ. ಡಾಕ್ಟರ್, ವಕೀಲರು, ಬ್ಯಾಂಕಿನವರೊಡನೆ ಮಾತಾಡುವಾಗ ಮೈಕ್ ಗುಂಡಿ ಒತ್ತಿ ಕೆಂಪು ದೀಪ ಹತ್ತಿದೆಯೇ ನೋಡಿಕೊಳ್ಳಿ.

ಬಲ್ಬು, ಪ್ಲಗ್ಗುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಯಾವಾಗ ಜನ ಇರುತ್ತಾರೆ, ಎಷ್ಟಕ್ಕೆ ಮಲಗುತ್ತಾರೆ ಎಂಬುದು ಅವುಗಳ ಸಮಯಪಟ್ಟಿಯಿಂದ ತಿಳಿಯುತ್ತದೆ, ಅಷ್ಟೇ ಸಾಕು ಎಚ್ಚರ ವಹಿಸಲು. ಆ್ಯಪಿಗೆ ಕಾಂಟ್ಯಾಕ್ಟ್ಸ್ ಅನುಮತಿ ಕೊಡಬೇಡಿ. ಸಾಧನ ಜೋಡಿಸುವಾಗ ಲೊಕೇಶನ್ ಅನುಮತಿ ಬೇಕಾಗಬಹುದು, ಜೋಡಿಸಿದ ಮೇಲೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ.

ಮನೆ ಬಿಡುವಾಗ, ಮಾರುವಾಗ, ಕೊಳ್ಳುವಾಗ

ಬಾಡಿಗೆ ಮನೆಗೆ ಹೋದ ದಿನವೇ ಅಲ್ಲಿರುವ ಸ್ಮಾರ್ಟ್ ಬೀಗ, ವಿಡಿಯೋ ಡೋರ್‌ಬೆಲ್ ಯಾರ ಖಾತೆಯಲ್ಲಿದೆ ಎಂದು ಮಾಲೀಕರನ್ನು ಕೇಳಿ, ನಿಮ್ಮೆದುರೇ ರೀಸೆಟ್ ಮಾಡಿಸಿ. ಜೊತೆಯಲ್ಲಿದ್ದವರು ಮನೆ ಬಿಟ್ಟಾಗ, ಸಂಬಂಧ ಮುರಿದಾಗ, 'ಹೋಮ್ ಮೆಂಬರ್ಸ್' ಪಟ್ಟಿಯಿಂದ ಅವರನ್ನು ತೆಗೆದು ಪಾಸ್‌ವರ್ಡ್ ಬದಲಾಯಿಸುವುದು ಬೀಗ ಬದಲಾಯಿಸಿದಷ್ಟೇ ಮುಖ್ಯ. ಹಳೆಯ ಸಾಧನ ಮಾರುವ ಮುಂಚೆ ಮೊದಲು ಆ್ಯಪಿನಿಂದ ಅಳಿಸಿ, ಆಮೇಲೆ ರೀಸೆಟ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬರೀ ರೀಸೆಟ್ ಮಾಡಿದರೆ ಕೆಲವು ಸಾಧನಗಳು ನಿಮ್ಮ ಖಾತೆಗೇ ಅಂಟಿಕೊಂಡು ಉಳಿಯುತ್ತವೆ. ಡಿವಿಆರ್ ಮಾರುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ, ನಾಲ್ಕು ಸ್ಕ್ರೂ ಅಷ್ಟೇ. ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದಲೂ ಹಳೆಯ ದೃಶ್ಯ ಮರಳಿ ತೆಗೆಯಲು ಸಾಧ್ಯ.

ಹೊಸದಾಗಿ ಕೊಳ್ಳುವವರು ಒಂದು ಮಾತು ಕೇಳಿ ಕೊಳ್ಳಿ: ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪರೀಕ್ಷೆ ಆಗಿದೆಯೇ? ಭಾರತದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ 2025ರ ಏಪ್ರಿಲ್ 9ರಿಂದ ಕಡ್ಡಾಯವಾಗಿದೆ. ಹಳೆಯ ದಾಸ್ತಾನು, ಹೆಸರಿಲ್ಲದ ಕಂಪನಿಯ ಮಾಲು ಅಗ್ಗಕ್ಕೆ ಸಿಕ್ಕರೂ ಬೇಡ. ಖಾತೆ ತೆರೆಯದೆಯೂ ಕಾರ್ಡಿಗೆ ರೆಕಾರ್ಡ್ ಮಾಡುವ, ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವ 'ಆನ್‌ವಿಫ್' ಎಂಬ ಮಾನದಂಡ ಇರುವ ಕ್ಯಾಮೆರಾ ಒಳ್ಳೆಯದು, ನಾಳೆ ಆ ಕಂಪನಿ ಮುಚ್ಚಿದರೂ ಕ್ಯಾಮೆರಾ ನಡೆಯುತ್ತದೆ.

ದೃಶ್ಯ ಸೋರಿದೆ ಎಂದು ಗೊತ್ತಾದರೆ

ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಫ್ಯಾಕ್ಟರಿ ರೀಸೆಟ್. ಅದನ್ನು ಮಾಡಬೇಡಿ, ಯಾರು ಒಳಗೆ ಬಂದಿದ್ದರು ಎಂಬ ದಾಖಲೆ ಅದರೊಡನೆ ಅಳಿಸಿಹೋಗಬಹುದು. ಮೊದಲು ಡಿವಿಆರ್‌ನ ಲ್ಯಾನ್ ಕೇಬಲ್ ಕಿತ್ತುಬಿಡಿ, ವೈಫೈ ಕ್ಯಾಮೆರಾ ಆದರೆ ರೂಟರ್ ಆರಿಸಿ. ದೃಶ್ಯ ಎಲ್ಲಿ ಕಂಡಿತೋ ಆ ಪುಟದ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ವಿಡಿಯೋವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಂ ಅಡಿ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದಕ್ಕೆ, ಚಿತ್ರಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ಕರ್ನಾಟಕದಲ್ಲಿ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು.

ಠಾಣೆಗೆ ಹೋಗುವ ಮುಂಚೆ ಡಿವಿಆರ್ ಮೆನುವಿನಲ್ಲಿ 'ಮೇಂಟೆನೆನ್ಸ್' ಅಥವಾ 'ಇನ್ಫೋ' ಒಳಗಿನ 'ಲಾಗ್' ತೆರೆದು, ಲಾಗಿನ್ ಆದ ಸಾಲುಗಳನ್ನು ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅದು ಆಗದಿದ್ದರೆ ಪರದೆಯ ಫೋಟೋ ತೆಗೆಯಿರಿ. ಕೊನೆಯದಾಗಿ ಡಿವಿಆರ್‌ನ ಗಡಿಯಾರವನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಒಂದೇ ಫೋಟೋದಲ್ಲಿ ಬರುವಂತೆ ಹಿಡಿದು ತೆಗೆಯಿರಿ. ಹಲವು ಡಿವಿಆರ್‌ಗಳ ಸಮಯ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಹಿಂದುಮುಂದಾಗಿರುತ್ತದೆ. ಆ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಲಾಗಿನಲ್ಲಿರುವ ಸಮಯವನ್ನು ಇಂಟರ್ನೆಟ್ ಕಂಪನಿಯ ದಾಖಲೆಯೊಡನೆ ತಾಳೆ ಹಾಕಲು ತನಿಖೆ ಮಾಡುವವರಿಗೆ ಕಷ್ಟವಾಗುತ್ತದೆ.